ಮೂರು ನಮೂನಿ ಹೂಂ

ನಿಜಗುಣಪ್ಪ ಮಾಸ್ತರರ ಗಂಟಲಿನಲ್ಲಿ ಅರ್ಧ ತಾಲೂಕು ವಾಸವಾಗಿತ್ತು. ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್, ಪೇಟೆಯಲ್ಲಿ ಹತ್ತಿ ಸವಾಲು ಕೂಗುವ ದಲಾಲ, ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಮೂಗಿನಿಂದಲೇ ಊರುಗಳ ಹೆಸರು ಹೇಳುವ ಮೈಕಿನ ಮನುಷ್ಯ, ಕಿತ್ತೂರಿನಲ್ಲಿದ್ದ ಸ್ವಂತ ಮಾವ, ಎಲ್ಲರೂ ಅಲ್ಲಿ ಬಾಡಿಗೆ ಕೊಡದೆ ಇದ್ದರು. ಮಾವನನ್ನು ಮಾತ್ರ ಹೆಂಡತಿ ತವರಿಗೆ ಹೋದಾಗಲೇ ಹೊರಗೆ ಬಿಡುತ್ತಿದ್ದರು.

ನೇಸರಗಿ ಸಮೀಪದ ಸರ್ಕಾರಿ ಹೈಸ್ಕೂಲಿಗೆ ಗಣಿತದ ಮಾಸ್ತರರಾಗಿ ವರ್ಗವಾಗಿ ಬಂದ ಹದಿನೈದು ದಿನದಲ್ಲಿ ಸ್ಟಾಫ್ ರೂಮಿನವರೂ ಒಬ್ಬೊಬ್ಬರಾಗಿ ಆ ಗಂಟಲಿಗೆ ಬಿಡಾರ ಬದಲಾಯಿಸಿದರು. ಸಿಗದೆ ಉಳಿದವರು ಹೆಡ್‌ಮಾಸ್ತರ್ ಕಾಡಪ್ಪನವರೊಬ್ಬರೇ. ಅಣಕಿಸಬೇಕೆಂದರೆ ದನಿಯಲ್ಲಿ ಒಂದು ಕೊಂಕಾದರೂ ಇರಬೇಕಲ್ಲ. ಕಾಡಪ್ಪನವರ ದನಿ ಎರೆಹೊಲದ ಹಾಗೆ ಮಟ್ಟಸ. ನಾಳೆ ರಜೆ ಎಂಬುದನ್ನೂ ಅದೇ ದನಿಯಲ್ಲಿ ಹೇಳುತ್ತಿದ್ದರು, ನಾಳೆ ತಪಾಸಣೆ ಎಂಬುದನ್ನೂ ಅದೇ ದನಿಯಲ್ಲಿ. ಮಕ್ಕಳು ಪೂರ್ತಿ ವಾಕ್ಯ ಕೇಳಿದ ಮೇಲೇ ನಗಬೇಕೋ ಅಳಬೇಕೋ ನಿರ್ಧರಿಸುತ್ತಿದ್ದರು.

ಹತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ಫಿರದೋಸ್ ಕೂಡುತ್ತಿದ್ದಳು. ಟಂಟಂ ರಿಕ್ಷಾ ಓಡಿಸುವ ದಸ್ತಗೀರಸಾಬರ ಮಗಳು. ಹುಟ್ಟಿದಾಗಿನಿಂದ ದೃಷ್ಟಿ ಇರಲಿಲ್ಲ. ಉಳಿದ ವಿಷಯಗಳನ್ನೆಲ್ಲ ಕೇಳಿ ಕೇಳಿಯೇ ಬಾಯಿಗೆ ತಂದುಕೊಂಡು ತರಗತಿಯಲ್ಲಿ ಮುಂದಿದ್ದಳು. ಗಣಿತದ ತಾಸಿನಲ್ಲಿ ಮಾತ್ರ, ಐದನೇ ಇಯತ್ತೆಯಿಂದಲೂ, ಸುಮ್ಮನೆ ಕೂಡು, ಇದು ನಿನಗಲ್ಲ ಎಂದು ಹಿಂದಿನ ಮಾಸ್ತರರೆಲ್ಲ ಹೇಳುತ್ತಲೇ ಬಂದಿದ್ದರು. ಸುಮ್ಮನೆ ಕೂತು ಬೇಸರವಾಗಿ ಅವಳು ಸೀಮೆಸುಣ್ಣದ ಸಪ್ಪಳ ಕೇಳುವುದನ್ನು ಕಲಿತಳು. ಏಳಕ್ಕೆ ಎರಡು ಗೀರು, ಎಂಟಕ್ಕೆ ಒಂದೇ ಉದ್ದನೆಯ ಸುತ್ತು, ಸಮ ಎನ್ನುವ ಗುರುತಿಗೆ ಟಕ್ ಟಕ್. ಹೀಗೆ ಅಂಕಿಗಳು ಕಿವಿಗೆ ಬಿದ್ದವೇ ಹೊರತು ಲೆಕ್ಕ ಬೀಳಲಿಲ್ಲ.

ಜೂನ್ ಮುಗಿಯುವ ಹೊತ್ತಿಗೆ ಒಂದು ದಿನ, ತಾಸುಗಳ ನಡುವಿನ ಸಣ್ಣ ಸೂಟಿಯಲ್ಲಿ ವರಾಂಡದಲ್ಲಿ ಹೋಗುತ್ತಿದ್ದ ನಿಜಗುಣಪ್ಪನವರಿಗೆ ತರಗತಿಯ ಒಳಗಿನಿಂದ ತಮ್ಮದೇ ದನಿ ಕೇಳಿಸಿತು.

"ಇದನ್ನ ಈಕಡೆ ತರೂಣು. ಇದರಾಗ ಇದನ್ನ ಕಳಿಯೂಣು. ಇದು ಹೋತು, ಇದು ಬಂತು. ಇದರಿಂದ ಇದನ್ನ ಭಾಗಿಸಿದ್ರ, ಇದು. ತಿಳೀತಿಲ್ಲೋ? ಇಷ್ಟ ಐತಿ ಇದು."

ಹುಡುಗರು ಬೆಂಚು ಬಡಿದು ನಗುತ್ತಿದ್ದರು. ಕಿಟಕಿಯಲ್ಲಿ ಇಣುಕಿದರೆ ಫಿರದೋಸ್. ಮಾತಿನ ನಡುವೆ ತಾವು ಮೂಗು ಏರಿಸುವ ಸಪ್ಪಳವನ್ನೂ ಅವಳು ಬಿಟ್ಟಿರಲಿಲ್ಲ. ಕಸುಬುದಾರನಿಗೆ ಕಸುಬುದಾರನ ಮೇಲೆ ಹುಟ್ಟುವ ಮೆಚ್ಚಿಗೆಯಿಂದ ಅವರೂ ನಕ್ಕರು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಆ ಮಾತು ಮತ್ತೆ ಮತ್ತೆ ಚುಚ್ಚಿತು. ಅಷ್ಟೂ ಪಾಠದಲ್ಲಿ ಗಣಿತ ಎಲ್ಲಿತ್ತು? ಬರೀ ಇದು, ಇದು, ಇದು. ಬೆರಳು ತೋರಿಸಿದ ಕಡೆ ನೋಡಲಾರದವಳಿಗೆ ತಾವು ಮೂರು ವಾರ ಬೆರಳು ತೋರಿಸಿದ್ದರು.

ಮರುದಿನದಿಂದ ಅವರು ಬರೆದದ್ದನ್ನೆಲ್ಲ ಬಾಯಿಂದಲೂ ಹೇಳತೊಡಗಿದರು. ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಮೇಲೆ ಅವಳಿಗೆಂದೇ ಒಂದು ತಾಸು ನಿಂತರು. ವಾರಕ್ಕೊಮ್ಮೆ ಬೈಲಹೊಂಗಲದಿಂದ ಬರುವ ವಿಶೇಷ ಶಿಕ್ಷಕಿ ಮಂಜುಳಾ ಒಂದು ಟೇಲರ್ ಫ್ರೇಮ್ ತಂದುಕೊಟ್ಟರು. ಅದು ಸಾಲುಸಾಲಾಗಿ ಎಂಟು ಮೂಲೆಯ ತೂತುಗಳಿರುವ ಹಲಗೆ. ಸಣ್ಣ ಮೊಳೆಯನ್ನು ಯಾವ ದಿಕ್ಕಿಗೆ ತಿರುಗಿಸಿ ನೆಟ್ಟಿದೆ ಎಂದು ಬೆರಳಾಡಿಸಿದರೆ ಅದು ಯಾವ ಅಂಕಿ ಎಂದು ತಿಳಿಯುತ್ತದೆ. ಲೆಕ್ಕ ಬರೆಯುವ ಬದಲು ನೆಡುವುದು. ದಸ್ತಗೀರಸಾಬರು ಹೆಸರು ಕೇಳಿ, ಮಗಳಿಗೆ ಹೊಲಿಗೆ ಕಲಿಸುತ್ತಾರೆಂದು ತಿಳಿದು, ಮನೆಯ ಹರಕು ಅಂಗಿಗಳನ್ನೆಲ್ಲ ಗಂಟು ಕಟ್ಟಿ ಟಂಟಂನಲ್ಲಿ ಹಾಕಿಕೊಂಡು ಬಂದರು. ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೂಜಿ ಎಲ್ಲಿ ಕೂಡುತ್ತದೆ ಎಂದು ಕೇಳಿದರು. ಮಂಜುಳಾ ನಗು ತಡೆಯಲಾರದೆ ಹೊರಗೆ ಹೋದರು.

ಪಾಠ ಓಡಿತು. ನಿಜಗುಣಪ್ಪನವರ ಗಂಟಲಿನ ಬಿಡಾರದವರಿಗೆಲ್ಲ ಈಗ ಕೆಲಸ ಸಿಕ್ಕಿತು. ಆವರಣ ಚಿಹ್ನೆಯ ಒಳಗಿನದನ್ನೆಲ್ಲ ಮೈಕಿನ ಮನುಷ್ಯ ಮೂಗಿನಲ್ಲಿ ಹೇಳುತ್ತಿದ್ದ. ಎಕ್ಸ್ ಬಂದಾಗ ಕಂಡಕ್ಟರ್ ಬರುತ್ತಿದ್ದ, ಎಷ್ಟು ಮಂದಿ ಇದ್ದಾರೆಂದು ಅವನಿಗಿನ್ನೂ ಗೊತ್ತಿಲ್ಲ, ಎಣಿಸಬೇಕು. ಫಿರದೋಸ್ ಮೊಳೆ ನೆಟ್ಟು, ಮುಂದಿನ ಹೆಜ್ಜೆ ಬಾಯಿಂದ ಹೇಳಿ, ತುಸು ನಿಲ್ಲುತ್ತಿದ್ದಳು. ಮಾಸ್ತರರು ಹೂಂ ಎನ್ನುತ್ತಿದ್ದರು. ಅವಳು ಮುಂದಕ್ಕೆ ಹೋಗುತ್ತಿದ್ದಳು. ಸಂಕಲನ, ಬೀಜೋಕ್ತಿ, ವರ್ಗ ಸಮೀಕರಣ, ಒಂದೂ ಅವಳನ್ನು ತಡೆಯಲಿಲ್ಲ. ದಸರಾ ಸೂಟಿ ಮುಗಿಯುವ ಹೊತ್ತಿಗೆ ಇಪ್ಪತ್ತು ಕೊಟ್ಟರೆ ಇಪ್ಪತ್ತೂ ಸರಿ. ನಿಜಗುಣಪ್ಪನವರು ಇದನ್ನು ಮೊಬೈಲಿನ ಸ್ಟೇಟಸ್ಸಿಗೂ ಹಾಕಿದರು.

ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಕಾಲ ಬಂತು. ದೃಷ್ಟಿ ಇಲ್ಲದ ಮಕ್ಕಳು ಗಣಿತದ ಬದಲು ಬೇರೊಂದು ವಿಷಯ ತೆಗೆದುಕೊಳ್ಳಬಹುದೆಂದು ನಿಯಮವಿದೆ. ಕಾಡಪ್ಪನವರು ಫಿರದೋಸಳ ಹೆಸರಿನ ಮುಂದೆ ಆ ಬೇರೆ ವಿಷಯವನ್ನೇ ಬರೆಯಲು ಪೆನ್ನು ತೆಗೆದಿದ್ದರು. ಹುಡುಗಿಗೋ, ಪಿಯುಸಿಯಲ್ಲಿ ಗಣಿತ ಓದಬೇಕು. ಹತ್ತರಲ್ಲಿ ಬಿಟ್ಟು ಬಂದವಳಿಗೆ ಹನ್ನೊಂದರಲ್ಲಿ ಯಾರು ಆ ಬಾಗಿಲು ತೆಗೆಯುತ್ತಾರೆ? ನಿಜಗುಣಪ್ಪನವರು ಆಫೀಸಿಗೆ ಹೋಗಿ ಇಪ್ಪತ್ತಕ್ಕೆ ಇಪ್ಪತ್ತರ ಕಥೆಯನ್ನು ಸಾಕಷ್ಟು ಅಭಿನಯ ಸಹಿತ ಹೇಳಿದರು.

ಕಾಡಪ್ಪನವರು ಕೇಳಿಸಿಕೊಂಡರು. "ಹುಡುಗಿ ಹುಷಾರ ಅದಾಳ. ಉಳದದ್ದೆಲ್ಲ ಪಾಸಾಗಿ ಇದೊಂದರಾಗ ನಪಾಸಾಗಿ ಕುಂತ್ಲು ಅಂದ್ರ, ಆಕಿ ಅಪ್ಪಗ ನೀವು ಹೇಳತೀರೋ, ನಾ ಹೇಳಲ್ಯೋ?"

ಕೊನೆಗೆ ಒಂದು ಕರಾರಾಯಿತು. ನಲವತ್ತು ಅಂಕದ ಪರೀಕ್ಷೆ. ಪಬ್ಲಿಕ್ ಪರೀಕ್ಷೆಯಲ್ಲಿರುವಂತೆ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳಲು ಕೆಳಗಿನ ತರಗತಿಯ ಹುಡುಗಿ. ಹದಿನಾಲ್ಕು ಬಂದರೆ ಪಾಸು, ಗಣಿತ. ಬಾರದಿದ್ದರೆ ಬೇರೆ ವಿಷಯ.

ಒಂಬತ್ತನೇ ತರಗತಿಯ ಉಮಾಶ್ರೀ ಓದಿದಳು, ಫಿರದೋಸ್ ಹೇಳಿದಳು. ನಲವತ್ತಕ್ಕೆ ಆರು ಬಂತು.

ನಿಜಗುಣಪ್ಪನವರು ಮೊದಲು ಉಮಾಶ್ರೀಯ ಮೇಲೆ ಹರಿಹಾಯ್ದರು. ಸಂತೆಯ ಚೀಟಿ ಓದಿದಂತೆ ಓದಿದ್ದಾಳೆ, ಇಲ್ಲದಿದ್ದರೆ ಬರೆಯುವಾಗ ತಪ್ಪಿದ್ದಾಳೆ. ಆ ಹುಡುಗಿ ಅತ್ತುಕೊಂಡು ಹೋಯಿತು. ಅದೇ ಪ್ರಶ್ನೆಪತ್ರಿಕೆಯನ್ನು ಅವರು ತಾವೇ ಮತ್ತೆ ಓದಿ ಮಾಡಿಸಿದರು. ಮೂವತ್ತೇಳು. ಹಾಳೆ ಹಿಡಿದುಕೊಂಡು ಆಫೀಸಿಗೆ ಓಡಿ ಹೆಡ್‌ಮಾಸ್ತರರನ್ನು ಕೈಹಿಡಿದು ಎಳೆಯದಿದ್ದರೂ ಎಳೆದಂತೆಯೇ ಕರೆದುಕೊಂಡು ಬಂದರು, ಬೇಕಾದರೆ ಕಣ್ಣಾರೆ ನೋಡಿ ಎಂದು. ಇನ್ನೊಂದು ಲೆಕ್ಕ ಕೊಟ್ಟರು. ಫಿರದೋಸ್ ಒಂದೊಂದು ಹೆಜ್ಜೆ ಹೇಳುತ್ತ, ನಿಲ್ಲುತ್ತ, ಮುಗಿಸಿದಳು. ಸರಿಯಾದ ಉತ್ತರ.

ಕಾಡಪ್ಪನವರು ಬಾಗಿಲಲ್ಲೇ ನಿಂತಿದ್ದರು. "ನಿಜಗುಣಪ್ಪನವರ, ನೀವ ಹೇಳಿಕೊಡಾಕ ಹತ್ತೀರಿ."

ಮಾಸ್ತರರ ಮುಖ ಕೆಂಪಾಯಿತು. ಹೂಂ ಎನ್ನುವುದು ಬಿಟ್ಟು ಒಂದಕ್ಷರ ಆಡಿಲ್ಲ, ಬೇಕಾದರೆ ಹುಡುಗಿಯನ್ನೇ ಕೇಳಿ ಎಂದರು.

"ಹೌದ್ರಿ ಸರ," ಎಂದಳು ಫಿರದೋಸ್, ತಲೆ ತಗ್ಗಿಸಿಕೊಂಡು. "ಹೇಳಿಕೊಡತಾರ್ರಿ."

"ನಾನು? ಯಾವಾಗವಾ?"

"ನಿಮ್ಮ ಹೂಂ ಮೂರು ನಮೂನಿ ಅದಾವ್ರಿ, ಸರ."

ಅಷ್ಟು ಹೇಳಿ ಅವಳು ಮಾಡಿ ತೋರಿಸಿದಳು. ಮೊದಲನೆಯದು ಗಿಡ್ಡ ಹೂಂ, ಊಟ ಮುಗಿಸಿ ಕೈ ಒರೆಸಿಕೊಂಡವರದು. ಅದು ಸರಿ ಇದ್ದಾಗಿನದು. ಎರಡನೆಯದು ಉದ್ದ, ಬಾವಿಗೆ ಕೊಡ ಇಳಿಬಿಟ್ಟಂತೆ ಕೆಳಗೆ ಕೆಳಗೆ ಹೋಗುವುದು. ಅದು ತಪ್ಪಿದ್ದಾಗಿನದು. ಮೂರನೆಯದರ ಬಾಲ ಮೇಲಕ್ಕೆ ಎದ್ದಿತ್ತು. ಹತ್ತಿರ ಬಂದಿದ್ದಾಳೆ, ಅಧಿಕವೋ ಋಣವೋ ಅಷ್ಟೇ ಕೆಟ್ಟಿದೆ ಎಂಬುದಕ್ಕೆ. ಮೂರೂ ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ನಿಜಗುಣಪ್ಪನವರು ತಮ್ಮ ಗಂಟಲನ್ನೇ ಮುಟ್ಟಿ ನೋಡಿಕೊಂಡರು. ಅಷ್ಟು ಮಂದಿಗೆ ಮನೆ ಕೊಟ್ಟ ಗಂಟಲಿನಲ್ಲಿ ಅದರ ಒಡೆಯನ ದನಿ ಹೇಗಿದೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ.

"ಮದ್ಲ ಕೂಡಸೂದು ಹೇಳತೇನ್ರಿ," ಎಂದಳು ಅವಳು. "ಉದ್ದಂದು ಬಂತಂದ್ರ, ಅಲ್ಲಲ್ಲ, ಕಳಿಯೂದು ಅಂತೇನಿ."

"ಇಷ್ಟ ದಿನ ನನಗ ಮೋಸ ಮಾಡಿದ್ಯೇನವಾ?"

"ಮೋಸ ಅಲ್ರಿ. ಉಳದವರು ನಿಮ್ಮ ಮಾರಿ ನೋಡತಾರ. ನಾ ಹೂಂ ಕೇಳತೇನಿ. ಲೆಕ್ಕ ಅಂದ್ರ ಹಿಂಗ ಇರತೈತಿ ಅನಕೊಂಡಿದ್ದೆ." ಅವಳ ದನಿ ಅಲ್ಲಿಗೆ ಒಡೆಯಿತು. "ಉಮಾಶ್ರೀ ಹೂಂ ಅನ್ನಲೇ ಇಲ್ರಿ. ನನಗ ಎಲ್ಲೆ ನಿಂದರಬೇಕಂತ ತಿಳೀಲಿಲ್ಲ."

ಕಾಡಪ್ಪನವರು ಗೋಡೆಯ ಕ್ಯಾಲೆಂಡರ್ ನೋಡಿದರು. ನೋಂದಣಿ ಕಳಿಸಲು ಮೂರು ವಾರವಿತ್ತು. ಮೂರನೇ ಶನಿವಾರ ಇನ್ನೊಂದು ಪರೀಕ್ಷೆ, ಈ ಸಲ ಓದುವುದೂ ಬರೆಯುವುದೂ ತಿದ್ದುವುದೂ ತಾವೇ ಎಂದು ಹೇಳಿ ಹೋದರು. ನಿಜಗುಣಪ್ಪನವರು ಉಮಾಶ್ರೀಯನ್ನು ಹುಡುಕಿಕೊಂಡು ಹೋಗಿ, ತಪ್ಪು ತಮ್ಮದು ಎಂದು ಅವಳ ಗೆಳತಿಯರೆಲ್ಲರ ಮುಂದೆಯೇ ಒಪ್ಪಿಕೊಂಡರು.

ಇನ್ನು ಸುಮ್ಮನಿರುವುದು. ಸುಮ್ಮನಿರುವುದು ಎಂಥ ಕಷ್ಟದ ವಿದ್ಯೆ ಎಂದು ಗೊತ್ತಾದದ್ದು ಆಗಲೇ. ಮಾಸ್ತರರು ತುಟಿ ಬಿಗಿದು ಕೂತರು. ಫಿರದೋಸ್ ತಪ್ಪು ಹೆಜ್ಜೆ ಹೇಳಿ ನಿಂತಳು, ಕುರ್ಚಿ ಕಿರ್ರೆಂದಿತು, ಅವಳು ತಿದ್ದಿಕೊಂಡಳು. ಕುರ್ಚಿ ಬಿಟ್ಟು ನಿಂತರು. ಚಪ್ಪಲಿ ಸರಿಯಿತು, ಅವಳು ತಿದ್ದಿಕೊಂಡಳು. ಬಾಯಿತುಂಬ ನೀರು ತುಂಬಿಕೊಂಡು ನಿಂತರು. ಸರಿ ಉತ್ತರ ಬಂದಾಗ ಸಂತೋಷಕ್ಕೆ ಗುಟುಕ್ಕೆಂದು ನುಂಗಿಬಿಟ್ಟರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಇಬ್ಬರಿಗೂ ಹೆದರಿಕೆಯಾಯಿತು, ಆ ವಾರ ಅರ್ಧ ಮುಗಿದಿತ್ತು.

ಆಗ ಅವರಿಗೆ ಹೊಳೆದದ್ದು ಹೆಡ್‌ಮಾಸ್ತರರ ದನಿ. ಒಳಗಿನದೇನೂ ಹೊರಗೆ ಕಾಣಿಸದ ದನಿ ಈ ಸಾಲಿಯಲ್ಲಿ ಅದೊಂದೇ. ಎರಡು ದಿನ ಏನಾದರೊಂದು ನೆಪ ಮಾಡಿ ಆಫೀಸಿನಲ್ಲಿ ಕೂತು, ಕಾಡಪ್ಪನವರು ಬಿಸಿಯೂಟದ ಅಕ್ಕಿಯ ಬಗ್ಗೆ, ನಲ್ಲಿಯ ಬಗ್ಗೆ, ಮಗಳ ಮದುವೆಯ ಬಗ್ಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿದರು. ಹಿಡಿಯಲು ಏನೂ ಇಲ್ಲದ್ದನ್ನು ಹಿಡಿಯಬೇಕಿತ್ತು. ಕೊನೆಗೆ ಗುಟ್ಟು ತಿಳಿಯಿತು. ಆ ಮನುಷ್ಯ ಪ್ರತಿ ಮಾತಿಗೂ ಮುನ್ನ ಒಂದೇ ಅಳತೆಯ ಉಸಿರು ತೆಗೆದುಕೊಳ್ಳುತ್ತಿದ್ದರು. ಉಸಿರು ಸಮನಾದರೆ ಮಾತೂ ಸಮ. ಬಚ್ಚಲಲ್ಲಿ, ಬಸ್ಸಿನಲ್ಲಿ, ಹೆಂಡತಿ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದಾಗ, ಎಲ್ಲೆಲ್ಲೂ ಅಭ್ಯಾಸ ಮಾಡಿದರು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅಂದರೆ ದನಿ ಸಿದ್ಧಿಸಿತು.

ಸೋಮವಾರದಿಂದ ಫಿರದೋಸಳ ಎದುರು ಕೂತವರು ಮಾಸ್ತರರ ಗಂಟಲಿನ ಕಾಡಪ್ಪ. ಸರಿಗೆ "ಹೂಂ, ಮುಂದ," ತಪ್ಪಿಗೆ "ಹೂಂ, ಮುಂದ." ಹುಡುಗಿ ಹೊಳೆಯ ನಡುವೆ ಕೈ ಬಿಟ್ಟಂತಾದಳು. ಇಪ್ಪತ್ತಕ್ಕೆ ಇಪ್ಪತ್ತು ಮಾಡುತ್ತಿದ್ದವಳು ಹತ್ತಕ್ಕೆ ಒಂದು ಮಾಡಿದಳು. ಬುಧವಾರ ಮೊಳೆಗಳ ಡಬ್ಬಿ ನೆಲಕ್ಕೆ ಹೋಯಿತು, ಬಿದ್ದದ್ದೋ ಬಿಸಾಕಿದ್ದೋ ಮಾಸ್ತರರು ಕೇಳಲಿಲ್ಲ. ಇಬ್ಬರೂ ನೆಲಕ್ಕೆ ಕೂತು ಒಂದೊಂದಾಗಿ ಆರಿಸಿದರು.

"ಸರಿ ಐತೋ ಇಲ್ಲೋ, ಅಷ್ಟರ ಹೇಳ್ರಿ ಸರ. ಕಾಲ ಬೀಳತೇನಿ."

ಉತ್ತರ ಅವರ ಗಂಟಲಿನ ತುದಿಗೆ ಬಂದಿತ್ತು. ಸಮನಾಗಿ ಉಸಿರು ತೆಗೆದುಕೊಂಡರು. "ನನ್ನ ಕೇಳಬ್ಯಾಡ. ಲೆಕ್ಕಾನ ಕೇಳು."

"ಲೆಕ್ಕಕ್ಕ ಬಾಯಿ ಐತೇನ್ರಿ?"

ಇತ್ತು. ಬಂದ ಉತ್ತರವನ್ನು ತಿರುಗಿ ಪ್ರಶ್ನೆಯೊಳಗೇ ಇಟ್ಟು ನೋಡುವುದು. ತಾಳೆ ಬಿದ್ದರೆ ಸರಿ, ಬೀಳದಿದ್ದರೆ ಎಲ್ಲೋ ಕಾಲು ಜಾರಿದೆ, ಹಿಂದೆ ಹೋಗಿ ಹುಡುಕಬೇಕು. ಎಲ್ಲ ಪುಸ್ತಕದಲ್ಲೂ ಕೊನೆಯ ಸಾಲಿನಲ್ಲಿ ಇರುವುದು, ಎಲ್ಲ ಮಕ್ಕಳೂ ಬಿಟ್ಟುಬಿಡುವುದು. ಇವಳಿಗೆ ಅವರು ಕಲಿಸಿಯೇ ಇರಲಿಲ್ಲ, ಯಾಕೆಂದರೆ ತಾಳೆ ನೋಡುವ ಕೆಲಸವನ್ನು ಇಷ್ಟು ದಿನ ಅವರ ಹೂಂ ಒಂದೇ ಮಾಡುತ್ತಿತ್ತು. ಅಂದು ಕಲಿಸಿದರು. ಗುರುವಾರ ಅವಳು ಒಂದು ಲೆಕ್ಕವನ್ನು ಐದು ಸಲ ಕಿತ್ತು ಐದು ಸಲ ನೆಟ್ಟಳು. ಆರನೆಯ ಸಲ ಎರಡೂ ಕಡೆ ಬೆರಳಾಡಿಸಿ, ನಿಲ್ಲಲಿಲ್ಲ, ಯಾರ ಕಡೆಗೂ ಕಿವಿ ತಿರುಗಿಸಲಿಲ್ಲ. ಮುಂದಿನ ಲೆಕ್ಕ ಓದಿ ಎಂದಳು. ಆ ಹೊತ್ತು ಕಾಡಪ್ಪನವರ ದನಿಯನ್ನು ಹಿಡಿದಿಡುವುದು ನಿಜಗುಣಪ್ಪನವರಿಗೆ ಸಾಹಸವಾಯಿತು.

ಮೂರನೇ ಶನಿವಾರ ಬಂತು. ಪ್ರಶ್ನೆಪತ್ರಿಕೆಯನ್ನೂ ಉತ್ತರದ ಹಾಳೆಯನ್ನೂ ನಿಜಗುಣಪ್ಪನವರು ಹಿಂದಿನ ದಿನ ಅವಸರದಲ್ಲಿ ಬರೆದು, ಎರಡು ಲಕೋಟೆಗೆ ಅಂಟು ಹಚ್ಚಿ ಕೊಟ್ಟಿದ್ದರು. ಪರೀಕ್ಷೆ ಆಫೀಸಿನಲ್ಲಿ. ಮಾಸ್ತರರಿಗೆ ಒಳಗೆ ಜಾಗವಿಲ್ಲ, ವರಾಂಡದ ಕಿಟಕಿಯ ಗಾಜಿನಿಂದ ನೋಡಬಹುದು, ಕೇಳಿಸುವುದಿಲ್ಲ. ಕಾಡಪ್ಪನವರ ತುಟಿ ಅಲುಗುವುದು, ಫಿರದೋಸಳ ಬೆರಳು ಹಲಗೆಯ ಮೇಲೆ ಓಡುವುದು ಅಷ್ಟೇ ಕಾಣುತ್ತಿತ್ತು. ಒಂದು ಕಡೆ ಅವಳು ಸಾಲಿಡೀ ನೆಟ್ಟು, ತಿರುಗಿ ತಡವಿ, ಕಡೆಯ ಮೂರು ಮೊಳೆ ಕಿತ್ತು ಹಾಕಿದಳು. ಮತ್ತೆ ನೆಟ್ಟಳು. ದೃಷ್ಟಿ ಇಲ್ಲದವರಿಗೆ ಕೊಡುವ ಹೆಚ್ಚಿನ ಸಮಯವೂ ಮುಗಿಯುತ್ತ ಬಂದಾಗ ಇನ್ನೂ ನಾಲ್ಕು ಪ್ರಶ್ನೆ ಮುಟ್ಟಿರಲಿಲ್ಲ. ಇಷ್ಟು ತಾಳೆ ನೋಡುತ್ತ ಕೂತರೆ ಹೇಗೆ ಎಂದು ನಿಜಗುಣಪ್ಪನವರಿಗೆ ಅನಿಸಿತು. ತಾವೇ ಹಚ್ಚಿದ ಗೀಳು, ಯಾರನ್ನು ಬೈಯುವುದು.

ಒಳಗೆ ಕರೆದಾಗ ಕಾಡಪ್ಪನವರು ಎರಡನೇ ಲಕೋಟೆ ಹರಿದು, ಉತ್ತರದ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು, ಕೆಂಪು ಪೆನ್ನಿನಿಂದ ಕೊನೆಯ ಗುರುತು ಹಾಕುತ್ತಿದ್ದರು. ಅವರು ಓದಿದ್ದು ಸಮಾಜ ವಿಜ್ಞಾನ. ಹಾಳೆಯಲ್ಲಿ ಇದ್ದದ್ದಕ್ಕೆ ಹೊಂದಿದರೆ ಸರಿ, ಇಲ್ಲದಿದ್ದರೆ ತಪ್ಪು.

"ಹನ್ನೆರಡು," ಎಂದರು.

ಎರಡು ಕಡಿಮೆ. ದಸ್ತಗೀರಸಾಬರು ಆಗಷ್ಟೇ ಟಂಟಂ ನಿಲ್ಲಿಸಿ ಬಾಗಿಲಿಗೆ ಬಂದಿದ್ದರು. ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಕಾಡಪ್ಪನವರು ನೋಂದಣಿಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಫಿರದೋಸ್ ಎದ್ದು ನಿಂತಿದ್ದಳು. "ಹೊಲದ ಲೆಕ್ಕಕ್ಕ ಎಷ್ಟ ಹಾಕೀರಿ ಸರ?"

ಒಂದು ಹೊಲದ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನಲವತ್ತು ಚದರ ಮೀಟರ್, ಅಗಲವೆಷ್ಟು ಎಂಬ ಪ್ರಶ್ನೆ. ಮೂರು ಅಂಕದ್ದು. ಕಾಡಪ್ಪನವರು ಹಾಳೆ ತಿರುವಿದರು. "ಸೊನ್ನಿ. ನೀ ಐದು ಅಂದೀ. ಉತ್ತರ ಎಂಟು."

ನಿಜಗುಣಪ್ಪನವರು ಬಗ್ಗಿ ಉತ್ತರದ ಹಾಳೆ ನೋಡಿದರು. ಅವಸರದಲ್ಲಿ ಉತ್ತರ ಬರೆಯುವಾಗ ಅಧಿಕ ಋಣ ಅದಲುಬದಲಾಗಿ, ಅಗಲದ ಜಾಗದಲ್ಲಿ ಉದ್ದವನ್ನು ಬರೆದವರು ಅವರೇ. ಬಾಯಿ ತೆರೆದರು. ಅವಳು ಅವರಿಗಿಂತ ಮೊದಲು ಮಾತಾಡಿದಳು.

"ಎಂಟು ಅಲ್ರಿ, ಐದು."

"ನಿಮ್ಮ ಮಾಸ್ತರರ ಬರದಾರವಾ."

"ಯಾರರ ಬರೀಲ್ರಿ. ಅಗಲ ಎಂಟಾದ್ರ ಉದ್ದ ಹನ್ನೊಂದು. ಎಂಟ ಹನ್ನೊಂದಲೆ ಎಂಬತ್ತೆಂಟು. ಹೊಲ ಇರೂದು ನಲವತ್ತು, ಉಳದ ನಲವತ್ತೆಂಟು ಯಾರ ಹೊಲ ಒತ್ತೂಣ್ರಿ? ಅಗಲ ಐದಾದ್ರ ಉದ್ದ ಎಂಟು. ಐದ ಎಂಟಲೆ ನಲವತ್ತು. ನಾ ಇಟ್ಟ ನೋಡೇನ್ರಿ."

ಅವಳ ಮುಖ ಎಲ್ಲಿಯೂ ತಿರುಗಲಿಲ್ಲ. ನಿಜಗುಣಪ್ಪನವರು ತೆರೆದ ಬಾಯಿಯನ್ನು ಮುಚ್ಚಿಕೊಂಡರು. ಕಾಡಪ್ಪನವರು ಹಾಳೆಯ ಅಂಚಿನಲ್ಲಿ ಎಂಟು, ಹನ್ನೊಂದು ಬರೆದು ಗುಣಿಸಿದರು. ಅದರ ಕೆಳಗೆ ಐದು, ಎಂಟು ಬರೆದು ಗುಣಿಸಿದರು. ಸಮಾಜ ವಿಜ್ಞಾನದವರಾದರೂ ಹೊಲ ಉಳ್ಳವರು. ಸೊನ್ನೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಮೂರು ಬರೆದರು. ಕನ್ನಡಕ ತೆಗೆದು ನಿಜಗುಣಪ್ಪನವರನ್ನು ನೋಡಿದರು. ಮಾಸ್ತರರು, ತಪ್ಪು ತಮ್ಮದೇ, ಹುಡುಗಿಯ ಉತ್ತರ ಸರಿ ಎಂದರು.

"ನಿಮ್ಮದು ಆಮ್ಯಾಲೆ ನೋಡೂಣು," ಎಂದು ಕಾಡಪ್ಪನವರು ನೋಂದಣಿಯ ಹಾಳೆ ತಿರುವಿ, ಫಿರದೋಸಳ ಹೆಸರಿನ ಮುಂದೆ ಗಣಿತ ಎಂದು ದಪ್ಪಗೆ ಬರೆದು ಸಹಿ ಹಾಕಿದರು. ಬರೆದದ್ದನ್ನು ಅವಳಿಗೆ ಓದಿಯೂ ಹೇಳಿದರು. ಮಾರ್ಚಿನಲ್ಲಿ ಎಂಬತ್ತಕ್ಕೆ ಇದೆ, ಹದಿನೈದಕ್ಕೆ ಹಿಗ್ಗಬೇಡ, ಕೈ ಚುರುಕಾಗಬೇಕು ಎಂದೂ ಸೇರಿಸಿದರು.

ದಸ್ತಗೀರಸಾಬರಿಗೆ ಪೂರ್ತಿ ತಿಳಿಯದಿದ್ದರೂ ಒಳ್ಳೆಯದಾಯಿತೆಂದು ತಿಳಿಯಿತು. ಗಾಡಿಯಲ್ಲಿ ಬೈಲಹೊಂಗಲದ ಸವಾರಿ ಕೂತಿದ್ದಾರೆ, ಬೇಗ ನಡಿ ಎಂದು ಮಗಳ ಚೀಲ ಎತ್ತಿಕೊಂಡರು. ಫಿರದೋಸ್ ಹೊರಡಲಿಲ್ಲ. ಕೈಯಾಡಿಸಿ ಕುರ್ಚಿ ಹುಡುಕಿ ತಿರುಗಿ ಕೂತಳು. ಹಲಗೆಯ ಮೊಳೆಗಳನ್ನೆಲ್ಲ ಕಿತ್ತು ಡಬ್ಬಿಗೆ ಸುರಿದು, ಖಾಲಿ ಸಾಲಿನ ಮೊದಲ ತೂತಿಗೆ ಬೆರಳಿಟ್ಟಳು.

"ಅಬ್ಬಾ, ಸವಾರಿಗಿ ಹತ್ತ ಮಿನಿಟ್ ನಿಂದರಾಕ ಹೇಳ್ರಿ," ಎಂದಳು ಅಪ್ಪನಿಗೆ. "ಸರ, ನಾ ಬಿಟ್ಟ ನಾಕು ಲೆಕ್ಕ ಓದ್ರಿ."